ಗಂಧಕದ ಖೋಲಿಯ ನಾಗಪ್ಪ

ಎರಡು ವಾರ ನಾನು ನನ್ನ ಅತ್ತೆಗೆ ಸುಳ್ಳು ಹೇಳಿದೆ. ಅದೂ ನಾಗಪ್ಪನ ಹೆಸರಿನಲ್ಲಿ. ಬಾಯಿ ಬಿಟ್ಟು ಹೇಳಿದ್ದು ಕಡಿಮೆ, ಬಾಯಿ ಮುಚ್ಚಿಕೊಂಡು ಹೇಳಿದ್ದೇ ಹೆಚ್ಚು. ಹಿಡಿಯೊಳಗೆ ಅಡಗುವಷ್ಟು ಸಣ್ಣ ಹಕ್ಕಿಯನ್ನು ಉಳಿಸಲು ಹಾಗೆ ಮಾಡಿದೆ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮೂರು ವರ್ಷವಾದರೂ ಆ ಸಮಾಧಾನ ನನ್ನ ಮನಸ್ಸಿಗೆ ಒಗ್ಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತೋಟ ಕಾಗವಾಡದ ಕಡೆ, ಶಿರಗುಪ್ಪಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಸುತ್ತಲೂ ಕಬ್ಬು, ನಡುವೆ ನಮ್ಮ ದ್ರಾಕ್ಷಿ. ಹಸಿ ಹಣ್ಣು ಮಾರುವುದಕ್ಕಿಂತ ನಾವು ಒಣಗಿಸಿ ಮಾರುವುದೇ ಹೆಚ್ಚು. ಗೊನೆ ಕೊಯ್ದು, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ಮೇಲೆ ಹರಡುತ್ತೇವೆ. ಎರಡು ವಾರ ಗಾಳಿಗೆ ಒಣಗಿದ ಮೇಲೆ ಅದನ್ನು ಮುಚ್ಚಿದ ಕೋಣೆಗೆ ಸಾಗಿಸಿ ಗಂಧಕದ ಹೊಗೆ ಕೊಡಬೇಕು. ಆಗಲೇ ಅದಕ್ಕೆ ಪೇಟೆಯವರು ಕೇಳುವ ಬಂಗಾರದ ಬಣ್ಣ ಬರುವುದು. ಹೊಗೆಗೆ ಮೊದಲು ತೇವ ತಾಕಿತೋ, ಕಾಳು ಕಪ್ಪಾಗಿ ವರ್ಷದ ದುಡಿಮೆಯೆಲ್ಲ ನೀರುಪಾಲು.

ಹೊಗೆ ಕೊಡುವ ಕೋಣೆ ಮೊದಲು ಬಾವಿಯ ಪಂಪು ಇಡುವ ಖೋಲಿಯಾಗಿತ್ತು. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ತಗಡಿನ ಬಾಗಿಲು. ಕೊಳವೆಬಾವಿ ಬಂದ ಮೇಲೆ ಪಂಪು ಹೋಯಿತು, ಖೋಲಿ ಗಂಧಕದ ಪಾಲಾಯಿತು. ಅದರ ಹಿಂದೆ ಅರಣ್ಯ ಇಲಾಖೆಯವರು ಎಂದೋ ನೆಟ್ಟ ಬೇವು, ಜಾಲಿ, ಕಮರದ ಸಣ್ಣ ಕಾಡಿದೆ. ನಡು ಮಧ್ಯಾಹ್ನವೂ ಅಲ್ಲಿ ತಂಪು. ನನಗೆ ತಲೆ ಕೆಟ್ಟಾಗ ನಾನು ಹೋಗಿ ನಿಲ್ಲುವ ಜಾಗ ಅದು, ಮತ್ತು ನನಗೆ ತಲೆ ಕೆಡುವುದು ಸ್ವಲ್ಪ ಹೆಚ್ಚು.

ಪ್ರತಿ ವರ್ಷ ದ್ರಾಕ್ಷಿ ಶೆಡ್ಡಿಗೇರಿದ ದಿನವೇ ಖೋಲಿಯ ಗೋಡೆಯಲ್ಲಿರುವ ತೂತುಗಳನ್ನೆಲ್ಲ ಸಿಮೆಂಟಿನಿಂದ ಮೆತ್ತುವುದು ವಾಡಿಕೆ. ಅತ್ತೆ ಮುಂದೆ ನಡೆದು ತೂತು ಹುಡುಕುತ್ತಾರೆ, ನಾನು ಬುಟ್ಟಿ ಹೊತ್ತು ಹಿಂದೆ ನಡೆದು ಮೆತ್ತುತ್ತೇನೆ. ಮೆತ್ತುವುದು ಯಾವಾಗಲೂ ಹೊರಗಿನಿಂದಲೇ. ಒಳಗೆ ಹಳೆಯ ಗಂಧಕದ ಘಾಟು ಕಣ್ಣು ಉರಿಸುತ್ತದೆ. ಹಳೆಯ ಪಂಪಿನ ಪೈಪು ಹಾದುಹೋಗುತ್ತಿದ್ದ ಕಿಂಡಿಯೊಂದು ಕಾಡಿನ ಕಡೆಯ ಗೋಡೆಯಲ್ಲಿ ಎದೆಯ ಎತ್ತರಕ್ಕಿತ್ತು. ಹಿಂದಿನ ವರ್ಷದ ಸಿಮೆಂಟು ಕಿತ್ತುಹೋಗಿ ಅದು ಅರ್ಧ ತೆರೆದಿತ್ತು. ಅತ್ತೆ ಒಳಗಿನ ಕಸ ತೆಗೆಯಲು ಬೆರಳು ಹಾಕಿದರು. ಒಳಗಿನಿಂದ ಹುಸ್ಸೆಂದು ಬುಸುಗುಟ್ಟಿದ ಸಪ್ಪಳ, ಅದರ ಬೆನ್ನಿಗೇ ಏನೋ ರಪ್ಪೆಂದು ಗೋಡೆಗೆ ಬಡಿದ ಸಪ್ಪಳ. ಅತ್ತೆ ಕೈ ಸೆಳೆದುಕೊಂಡ ರಭಸಕ್ಕೆ ಹಿಂದೆ ನಿಂತಿದ್ದ ನನಗೆ ಡಿಕ್ಕಿ ಹೊಡೆದರು.

ನನ್ನ ಅತ್ತೆ ಅಷ್ಟು ಸುಲಭಕ್ಕೆ ಹೆದರುವ ಹೆಂಗಸಲ್ಲ. ಹಾಯುವ ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದವರು. ಆದರೆ ಅಂದು ಅವರ ತುಟಿ ಒಣಗಿತ್ತು. ಅವರು ಮೊದಲು ತಿರುಗಿ ನೋಡಿದ್ದು ಬೇವಿನ ನೆರಳಲ್ಲಿ ಕುಳಿತಿದ್ದ ಮಗಳ ಕಡೆಗೆ.

"ಒಳಗ ನಾಗಪ್ಪ ಅದಾನ," ಎಂದರು ಮೆಲ್ಲಗೆ. "ಸಿಮೆಂಟ್ ಹಿಂದಕ ಒಯ್ಯಿ."

ಅವರು ಮಗಳ ಕಡೆ ನೋಡಿದ್ದಕ್ಕೆ ಕಾರಣವಿತ್ತು. ನನ್ನ ನಾದಿನಿಯನ್ನು ಅಂಕಲಿ ಊರಿಗೆ ಕೊಟ್ಟಿದೆ. ಹಿಂದಿನ ವರ್ಷ ಅವಳಿಗೆ ಐದನೇ ತಿಂಗಳಿನಲ್ಲಿ ಗರ್ಭ ಇಳಿದಿತ್ತು. ಅದಕ್ಕೆ ಸ್ವಲ್ಪ ಮೊದಲು ಅವರ ಹೊಲದಲ್ಲಿ ಟ್ರ್ಯಾಕ್ಟರಿನ ನೇಗಿಲು ಒಂದು ಹುತ್ತವನ್ನು ಒಡೆದಿತ್ತಂತೆ. ಯಾರೋ ಎರಡನ್ನೂ ಸೇರಿಸಿ ಮಾತಾಡಿದರು, ಆ ಮಾತು ತಾಯಿ ಮಗಳಿಬ್ಬರ ಎದೆಯಲ್ಲಿ ಬೇರು ಬಿಟ್ಟಿತು. ಈಗ ಅವಳಿಗೆ ಏಳು ತಿಂಗಳು. ಕುಬಸದ ಸೀಮಂತ ಮಾಡಿ ಹೆರಿಗೆಗೆಂದು ಕರೆತಂದಿದ್ದೆವು. ಬಸುರಿ ಮಗಳು ಮನೆಯಲ್ಲಿರುವಾಗ ನಾಗಪ್ಪನ ಬಾಗಿಲಿಗೆ ಸಿಮೆಂಟು ಮೆತ್ತುವ ಧೈರ್ಯ ಅತ್ತೆಗೆ ಎಲ್ಲಿಂದ ಬರಬೇಕು?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬಳೇ ಮೊಬೈಲಿನ ಟಾರ್ಚು ಹಿಡಿದು ಕಿಂಡಿಯ ಹತ್ತಿರ ಹೋದೆ. ಧೈರ್ಯವಂತೆ ಎಂದಲ್ಲ. ಗೊತ್ತಿಲ್ಲದ ಸಪ್ಪಳ ಕಿವಿಯಲ್ಲಿ ಕುಳಿತರೆ ನನಗೆ ಊಟ ಸೇರುವುದಿಲ್ಲ. ಎರಡು ಮಾರು ದೂರದಿಂದ ಬೆಳಕು ಬಿಟ್ಟೆ. ಕಿಂಡಿಯ ನಡುವಿನಲ್ಲಿ ಕುರಿಯ ಉಣ್ಣೆ, ಎಮ್ಮೆಯ ಕೂದಲು, ಒಣ ಪಾಚಿ ಸೇರಿಸಿ ಒತ್ತಿದ ಮೆತ್ತೆ. ಅದರ ಮೇಲೆ ಒಂದು ಕಪ್ಪು ತಲೆ, ಎರಡು ಬಿಳಿ ಕೆನ್ನೆ, ಮಿನುಗುವ ಎರಡು ಕಣ್ಣು. ಬೆಳಕು ಬಿದ್ದೊಡನೆ ಅದು ಬಾಯಿ ತೆರೆದು, ಮೈ ಉಬ್ಬಿಸಿ ಮತ್ತೆ ಹುಸ್ಸೆಂದಿತು, ರೆಕ್ಕೆಗಳನ್ನು ಗೋಡೆಗೆ ರಪ್ಪನೆ ಬಡಿಯಿತು. ನನಗೆ ನಗು ಬಂತು.

ಆ ಹಕ್ಕಿ ನನಗೆ ಹೊಸದಲ್ಲ. ಪಾಲಬಾವಿಯ ನನ್ನ ತವರಿನ ಬೇವಿನಲ್ಲೂ ಇತ್ತು. ಕಪ್ಪು ತಲೆ, ಬೂದು ಬೆನ್ನು, ಹೊಟ್ಟೆಯ ಮೇಲೆ ಗಂಟಲಿನಿಂದ ಬಾಲದವರೆಗೆ ಕಾಡಿಗೆ ಎಳೆದಂಥ ಒಂದು ಪಟ್ಟೆ. ಕಾಳನ್ನು ಕಾಲಿನ ಅಡಿಯಲ್ಲಿ ಹಿಡಿದು ಕೊಕ್ಕಿನಿಂದ ಕುಟ್ಟಿ ಒಡೆಯುತ್ತದೆ. ಕೊಂಬೆಗೆ ತಲೆಕೆಳಗಾಗಿ ಜೋತು ಎಲೆಯ ಅಡಿಯ ಹುಳು ಹುಡುಕುತ್ತದೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿಲ್ಲ, ಸಣ್ಣದೆಲ್ಲ ಗುಬ್ಬಿಯೇ. ಪುಸ್ತಕದವರು ಚೇಕಡಿ ಎನ್ನುತ್ತಾರೆಂದು ಆಮೇಲೆ ತಿಳಿದುಕೊಂಡೆ. ಗೂಡಿನಲ್ಲಿ ಕುಳಿತಾಗ ವೈರಿ ಬಂದರೆ ಎದ್ದು ಓಡದೆ ಹಾವಿನಂತೆ ಬುಸುಗುಟ್ಟುವುದು ಇದರ ಹೆಣ್ಣಿನ ಅಭ್ಯಾಸವಂತೆ. ಬೆಕ್ಕು, ಇಲಿಗಳನ್ನು ಹೆದರಿಸುವುದಕ್ಕೆ ಕಲಿತ ವಿದ್ಯೆ. ನನ್ನ ಅತ್ತೆಯೂ ಅದಕ್ಕೆ ಸಿಕ್ಕಿಬಿದ್ದಿದ್ದರು.

ಓಡಿಹೋಗಿ ಹೇಳಬೇಕು, ಎಲ್ಲರೂ ನಗಬೇಕು ಎಂದೇ ತಿರುಗಿದೆ. ನಾಲ್ಕು ಹೆಜ್ಜೆಗೆ ನಿಂತೆ. ಹಿಂದಿನ ವರ್ಷ ಶೆಡ್ಡಿನ ಸೂರಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಹಿಕ್ಕೆ ದ್ರಾಕ್ಷಿಯ ಮೇಲೆ ಬೀಳುತ್ತಿತ್ತು. ಅತ್ತೆ ಕಸಬರಿಗೆ ತಂದು ಒಂದೇ ಏಟಿಗೆ ಅದನ್ನು ಕೆಡವಿ, ಒಲೆಗೆ ಹಾಕಿದ್ದರು. ಕಣ್ಣು ಕೂಡ ಮಿಟುಕಿಸಿರಲಿಲ್ಲ. ನಾಗಪ್ಪ ಎಂದರೆ ಕಿಂಡಿ ಉಳಿಯುತ್ತದೆ, ಹಕ್ಕಿ ಎಂದರೆ ಈ ಸಂಜೆಯೇ ಸಿಮೆಂಟು ಎಂದು ನಾನು ಲೆಕ್ಕ ಹಾಕಿದೆ. ಹೊಗೆಗೆ ಇನ್ನೂ ಎರಡು ವಾರ ಇದೆ, ಅಷ್ಟರಲ್ಲಿ ಹಕ್ಕಿ ತನ್ನ ಸಂಸಾರ ಮುಗಿಸಿ ಹೋಗುತ್ತದೆ, ಆಮೇಲೆ ಹೇಳಿದರಾಯಿತು. ಹಾಗೆಂದುಕೊಂಡು ಊಟಕ್ಕೆ ಕುಳಿತೆ, ರೊಟ್ಟಿ ಒಂದು ಹೆಚ್ಚೇ ತಿಂದೆ.

ಸಂಜೆಯಿಂದಲೇ ತೊಂದರೆ ಶುರುವಾಯಿತು. ಅತ್ತೆ ಅರಿಶಿನ, ಕುಂಕುಮ, ಹಿತ್ತಾಳೆ ಬಟ್ಟಲಲ್ಲಿ ಬೆಲ್ಲ ಹಾಕಿದ ಹಾಲು ತಂದರು. ಪಂಚಮಿಯಲ್ಲಿ ಮಾಡುವಂತೆಯೇ ಮನೆಯ ಒಬ್ಬೊಬ್ಬರ ಪಾಲು ಹೇಳುತ್ತ ಗೋಡೆಗೆ ಹಾಲು ಎರೆದರು. ನಾದಿನಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಕೊನೆಯಲ್ಲಿ ಒಂದು ಹನಿ ಹೆಚ್ಚು ಎರೆದಳು. "ಹೊಟ್ಟ್ಯಾಗಿನ ಕೂಸಿನ ಪಾಲ," ಎಂದಳು. ಮಿಕ್ಕ ಹಾಲಿನ ಬಟ್ಟಲನ್ನು ಕಿಂಡಿಯ ಬಾಯಲ್ಲಿಟ್ಟು ಬಂದರು.

ಬೆಳಿಗ್ಗೆ ನಾನು ಹೋಗಿ ನೋಡಿದರೆ ಕೆಂಪಿರುವೆಗಳ ಸಾಲು ನೆಲದಿಂದ ಗೋಡೆ ಹತ್ತಿ ಬಟ್ಟಲಿನವರೆಗೆ ಬಂದಿತ್ತು. ಇನ್ನು ಒಂದು ಗೇಣು ಒಳಗೆ ನಡೆದರೆ ಗೂಡು. ಹಾಲನ್ನು ಬೇವಿನ ಬುಡಕ್ಕೆ ಚೆಲ್ಲಿ, ಸೆರಗಿನಿಂದ ಗೋಡೆ ಒರೆಸಿ, ಕೆಳಗೆ ಬೂದಿ ಸುರಿದೆ. ಬಟ್ಟಲು ಖಾಲಿಯಾದದ್ದನ್ನು ನೋಡಿ ಅತ್ತೆ ಕೈಮುಗಿದರು. ನಾಗಪ್ಪ ಹಾಲು ಕುಡಿದ, ನಮ್ಮ ಮೇಲೆ ಸಿಟ್ಟಿಲ್ಲ ಎಂದು ಮಗಳಿಗೆ ಹೇಳಿದರು. ಮಗಳ ಮುಖ ಅರಳಿತು. ನಾನು ಮುಸುರೆ ತಿಕ್ಕುವ ನೆಪದಲ್ಲಿ ತಲೆ ತಗ್ಗಿಸಿದೆ. ಅಂದಿನಿಂದ ದಿನವೂ ಅವರು ಹಾಲಿಡುವುದು, ಅವರ ಕಣ್ಣು ತಪ್ಪಿಸಿ ನಾನು ಚೆಲ್ಲಿ ಇರುವೆ ಓಡಿಸುವುದು. ಸುಳ್ಳೂ ದಿನದ ಒಂದು ಕೆಲಸವಾಯಿತು.

ಐದನೇ ದಿನ ಹೆಣ್ಣು ಹಕ್ಕಿ ಅರ್ಧ ಮೊಟ್ಟೆಯ ಚಿಪ್ಪು ಕಚ್ಚಿಕೊಂಡು ಹೊರಗೆ ಹಾರಿತು. ಅಲ್ಲಿಯವರೆಗೆ ಗಂಡು ಹುಳು ತಂದು ಹೆಣ್ಣಿಗೆ ಉಣಿಸುತ್ತಿತ್ತು. ಈಗ ಇಬ್ಬರೂ ಮರಿಗಳಿಗೆ ತರತೊಡಗಿದರು. ನಾನು ಬೇವಿನ ಅಡಿ ಕುಳಿತು ದ್ರಾಕ್ಷಿಯ ಕಸ ಆರಿಸುತ್ತ ನೋಡುತ್ತಿದ್ದೆ. ಜಾಲಿಯ ಕೊಂಬೆಗೆ ಬಂದು ಕೂರುವುದು, ಆಚೆ ಈಚೆ ನೋಡಿ ಹಸಿರು ಹುಳುವನ್ನು ಕೊಂಬೆಗೆ ಬಡಿದು ಮೆತ್ತಗೆ ಮಾಡುವುದು, ಒಂದೇ ನೆಗೆತಕ್ಕೆ ಕಿಂಡಿ ಸೇರುವುದು. ಒಳಗೆ ಚಿಂವ್ ಚಿಂವ್ ಗದ್ದಲ, ಆಮೇಲೆ ಮೌನ. ಹೊರಬರುವಾಗ ಮರಿಯ ಹಿಕ್ಕೆಯ ಬಿಳಿ ಗುಳಿಗೆಯನ್ನು ಕಚ್ಚಿ ತಂದು ದೂರ ಎಸೆಯುತ್ತಿತ್ತು. ನಾನು ಒಂದು ಬುಟ್ಟಿ ಕಸ ಆರಿಸುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಬಂದು ಹೋಗುತ್ತಿದ್ದವು. ಟಾರ್ಚು ಹಾಕಿ ನೋಡಿದರೆ ಆರು ಬಾಯಿ, ಬಾಯಿ ಬಿಟ್ಟರೆ ಮತ್ತೇನೂ ಇಲ್ಲ. ಇಂಥ ಮರಿ ಹಾರಲು ಹದಿನಾರು ಹದಿನೇಳು ದಿನ ಬೇಕೆಂದು ಮೊಬೈಲಿನಲ್ಲಿ ಓದಿದೆ. ಹೊಗೆಗೆ ಉಳಿದದ್ದು ಹತ್ತೇ ದಿನ. ನನ್ನ ಲೆಕ್ಕ ಒಂದು ವಾರ ತಪ್ಪಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಹೊತ್ತಿಗೆ ನಾನು ಅತ್ತೆಯ ನಾಲ್ಕು ಬಟ್ಟಲು ಹಾಲು ಚೆಲ್ಲಿದ್ದೆ, ಅದನ್ನು ಹೇಗೆ ಹೇಳುವುದು?

ಅದೇ ದಿನ ನಾದಿನಿ ಒಪ್ಪತ್ತು ಹಿಡಿದಳು. ಹೊಗೆ ಕೊಡುವ ದಿನದವರೆಗೆ ಒಂದೇ ಹೊತ್ತು ಊಟ, ಅದರಲ್ಲೂ ಉಪ್ಪಿಲ್ಲ. ನಾಗಪ್ಪ ತಾನಾಗಿ ಒಳ್ಳೆಯ ಮನಸ್ಸಿನಿಂದ ಹೋಗಬೇಕು, ತನ್ನ ಕೂಸಿಗೆ ಏನೂ ಆಗಬಾರದು ಎಂದು. ಅತ್ತೆ ಬೇಡವೆಂದರು. ತಾನು ಇಬ್ಬರ ಪಾಲಿನದೂ ಮಾಡುತ್ತೇನೆ, ನೀನು ಉಣ್ಣು ಎಂದರು. ಅವಳು ಕೇಳಲಿಲ್ಲ. ಒಮ್ಮೆ ಕಳೆದುಕೊಂಡವಳ ಹಟ ಬೇರೆಯೇ ಇರುತ್ತದೆ. ನಾನೂ ಬಿಸಿ ರೊಟ್ಟಿ, ಬೆಣ್ಣೆ ಹಿಡಿದು ಅವಳ ಹಿಂದೆ ಬಿದ್ದೆ. "ವೈನಿ, ನೀವ್ ನನ್ನ ವ್ರತ ಕೆಡಸಬ್ಯಾಡ್ರಿ," ಎಂದಳು. ನಗುತ್ತಲೇ ಹೇಳಿದಳು, ಆದರೆ ಮುಟ್ಟಲಿಲ್ಲ.

ಆ ಒಂಬತ್ತು ದಿನ ಖೋಲಿಯ ಕಿಂಡಿಯಲ್ಲಿ ಆರು ಮರಿಗಳಿಗೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಊಟವೇ ಊಟ. ಮನೆಯೊಳಗೆ ಏಳು ತಿಂಗಳ ಬಸುರಿ ಸಂಜೆಯಾದರೆ ನೀರು ಕುಡಿದು ಮಲಗುತ್ತಿದ್ದಳು. ಮರಿಗಳಿಗೆ ಬೂದು ಪುಕ್ಕ ಮೂಡಿತು, ಕಣ್ಣು ತೆರೆದವು. ಅವಳ ಕಣ್ಣಿನ ಕೆಳಗೆ ಕಪ್ಪಾಯಿತು. ಎರಡನ್ನೂ ದಿನವೂ ನೋಡುತ್ತಿದ್ದವಳು ನಾನೊಬ್ಬಳೇ. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಏಳುತ್ತಿದ್ದೆ. ಇನ್ನು ಎಷ್ಟು ದಿನ, ಒಂಬತ್ತು, ಎಂಟು ಎಂದು ಎಣಿಸಿ ಸಂಜೆ ಸುಮ್ಮನಾಗುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿತ್ತು. ಆ ಸಿಟ್ಟನ್ನೆಲ್ಲ ಗಂಡನ ಮೇಲೆ ತೀರಿಸುತ್ತಿದ್ದೆ, ಪಾಪ ಅವರಿಗೆ ಕಾರಣವೂ ತಿಳಿಯುತ್ತಿರಲಿಲ್ಲ.

ನನ್ನ ಗಂಡನಿಗೆ ಬೇರೆಯದೇ ಚಿಂತೆ. ಕೂಲಿಯ ಹೆಂಗಸರು ಖೋಲಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದರು. ಗಂಧಕ, ಕ್ರೇಟು ಎಲ್ಲವನ್ನೂ ನಾನೊಬ್ಬಳೇ ಒಳಗೆ ಸಾಗಿಸುತ್ತಿದ್ದೆ. ನನ್ನ ಧೈರ್ಯವನ್ನು ಆ ಹೆಂಗಸರು ಹೊಗಳುತ್ತಿದ್ದರು, ಹೊಗಳಿಕೆ ಕೇಳಿ ನನ್ನ ಕಿವಿ ಸುಡುತ್ತಿತ್ತು. ಹಾವು ಹಿಡಿಯುವವರನ್ನು ಕರೆಸೋಣ ಎಂದು ಗಂಡ ಎರಡು ಸಲ ಎಂದರು, ಅತ್ತೆ ಎರಡು ಸಲವೂ ಅವರ ಬಾಯಿ ಮುಚ್ಚಿಸಿದರು. ತಾವಾಗಿ ಹೋಗಿ ಕಿಂಡಿ ನೋಡುವ ಎದೆಗಾರಿಕೆ ಮಾತ್ರ ಗಂಡನಿಗೆ ಇರಲಿಲ್ಲ. ಇಪ್ಪತ್ತು ಮಾರು ದೂರ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ಯೋಚನೆ ಮಾಡಿ ವಾಪಸು ಬರುತ್ತಿದ್ದರು.

ಹದಿಮೂರನೇ ದಿನ ಮೋಡ ಬಂತು. ಮಾರ್ಚಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬರುವ ಆ ಕಪ್ಪು ಮೋಡ ಕಂಡರೆ ದ್ರಾಕ್ಷಿಯವರ ಕೈಕಾಲು ತಣ್ಣಗಾಗುತ್ತವೆ. ಗಾಳಿಯಲ್ಲಿ ತೇವ ಬಂದಿತ್ತು, ಜಾಳಿಗೆಯ ಮೇಲಿನ ಕಾಳು ಬೆರಳಿಗೆ ಅಂಟುತ್ತಿತ್ತು. ಗಂಡ ಮನೆಗೆ ಬಂದು ನಿಂತೇ ಮಾತಾಡಿದರು. ನಾಳೆ ಮಧ್ಯಾಹ್ನದೊಳಗೆ ಮಾಲು ಖೋಲಿ ಸೇರಬೇಕು, ಗಂಧಕ ಹೊತ್ತಬೇಕು. ಕಿಂಡಿ ತೆರೆದೇ ಇರಲಿ, ಹೊಗೆ ಸ್ವಲ್ಪ ಸೋರಿದರೆ ಸೋರಲಿ, ಆದರೆ ಇನ್ನು ಒಂದು ದಿನವೂ ಆಗದು. ಅತ್ತೆ ಒಪ್ಪಿದರು. ಬೆಳಿಗ್ಗೆ ಪೂಜೆ ಮಾಡಿ ನಾಗಪ್ಪನನ್ನು ಬೇಡಿಕೊಳ್ಳುತ್ತೇವೆ, ಆಮೇಲೆ ಹೊತ್ತಿಸು, ಅವನಿಗೆ ಹೊರಗಿನ ದಾರಿ ಇದೆ, ಹೋಗುತ್ತಾನೆ ಎಂದರು. ಪೂಜೆ ಮುಗಿಯುವವರೆಗೆ ತಾನು ನೀರೂ ಮುಟ್ಟುವುದಿಲ್ಲ ಎಂದು ನಾದಿನಿ ಒಳಗಿನಿಂದ ಹೇಳಿದಳು.

ಹಾವಿಗಾದರೆ ದಾರಿ ಇತ್ತು. ಹತ್ತು ದಿನದ ಮರಿಗೆ ಯಾವ ದಾರಿ? ಎರಡು ಅಡಿ ದಪ್ಪದ ಗೋಡೆಯ ಆ ಕಿಂಡಿ ಖೋಲಿಯ ಒಳಕ್ಕೂ ತೆರೆದಿತ್ತು. ಗಂಧಕದ ಹೊಗೆಯೆಲ್ಲ ಅದೇ ಕೊಳವೆಯಲ್ಲಿ ಹಾದು ಹೊರಗೆ ಬರಬೇಕು. ಆ ಹೊಗೆ ಒಂದು ಸಲ ಮೂಗಿಗೆ ಹತ್ತಿದರೆ ನಾನೇ ಅರ್ಧ ಗಂಟೆ ಕೆಮ್ಮುತ್ತೇನೆ.

ಮರುದಿನ ಹನ್ನೊಂದರ ಹೊತ್ತಿಗೆ ಮಾಲೆಲ್ಲ ಖೋಲಿ ಸೇರಿತು. ಬಿಸಿಲಿಲ್ಲ, ಆದರೆ ಧಗೆ ಎಂದರೆ ಧಗೆ. ಗಂಡ ಗಂಧಕದ ತಗಡಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೂಲಿಯವರು ದೂರದಲ್ಲಿ ಗುಂಪಾಗಿದ್ದರು. ಅತ್ತೆ ಕಿಂಡಿಯ ಮುಂದೆ ದೀಪ ಹಚ್ಚಿದರು, ನಾದಿನಿ ಬರಿಗಾಲಲ್ಲಿ ನಿಂತು ಹಾಲಿನ ಬಟ್ಟಲು ಎತ್ತಿದಳು. ಜಾಲಿಯ ಮೇಲೆ ಗಂಡು ಹಕ್ಕಿ ಹುಳು ಕಚ್ಚಿಕೊಂಡು ಕೂಗುತ್ತಿತ್ತು, ಜನ ಸರಿಯುವುದನ್ನೇ ಕಾಯುತ್ತಿತ್ತು. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆಯುತ್ತ ಬಂದ ನಾದಿನಿಯ ದನಿ ನಡುವೆಯೇ ನಿಂತಿತು. ಬಟ್ಟಲು ಅತ್ತೆಯ ಕೈಗೆ ಜಾರಿತು, ಅವಳು ಗೋಡೆ ಹಿಡಿಯಲು ಹೋಗಿ, ಗೋಡೆ ಸಿಗದೆ, ಕುಸಿದಳು.

ನಾನು ಓಡಿ ತಲೆ ಹಿಡಿದೆ. ಮುಖಕ್ಕೆ ನೀರು ಹೊಡೆದೆ. ಅವಳ ಕೈ ತಣ್ಣಗಿತ್ತು. ಅತ್ತೆ ಮಗಳ ತಲೆಯನ್ನು ತೊಡೆಗೆಳೆದುಕೊಂಡು ಕಿಂಡಿಯ ಕಡೆಗೆ ಕೈಮುಗಿದರು. ಒಪ್ಪಲಿಲ್ಲ, ನಾಗಪ್ಪ ಒಪ್ಪಲಿಲ್ಲ, ಹೊಗೆ ಬೇಡ, ಡಬ್ಬಿ ಎಸೆ ಎಂದು ಮಗನ ಮೇಲೆ ಕೂಗಿದರು. ಆಸ್ಪತ್ರೆಗೆ ಒಯ್ಯೋಣ ಎಂದು ಗಂಡ ಓಡಿ ಬಂದರೆ, ಮೊದಲು ತಪ್ಪು ಒಪ್ಪಿಕೊಳ್ಳೋಣ, ಆಮೇಲೆ ಎಲ್ಲಿಗಾದರೂ ಹೋಗೋಣ ಎಂದು ಅವರ ಕೈ ತಳ್ಳಿದರು. ನನ್ನ ಬಾಯಿ ಆಗ ತಾನಾಗಿ ತೆರೆಯಿತು.

"ಅಲ್ಲೆ ಹಾವಿಲ್ರಿ ಅತ್ತಿ. ಹಕ್ಕಿ ಐತಿ."

ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ನಂಬಿಕೆಯ ಎಳೆಯೂ ಇರಲಿಲ್ಲ. ನನಗೆ ಮಾಲಿನ ಚಿಂತೆ, ಹೊಗೆ ಹಾಕಿಸಲು ಸುಳ್ಳು ಹೇಳುತ್ತಿದ್ದೇನೆ ಎಂದರು. ಎರಡು ವಾರ ಸುಳ್ಳು ನಂಬಿದವರು ನಿಜವನ್ನು ಒಂದು ಗಳಿಗೆಯೂ ನಂಬಲಿಲ್ಲ. ನಾನು ಎದ್ದೆ. ತೋಳಿನವರೆಗೆ ಬಳೆ ಸರಿಸಿ ಕಿಂಡಿಗೆ ಕೈ ಹಾಕಿದೆ. ಹಿಂದಿನಿಂದ ಕೂಲಿಯ ಹೆಂಗಸರು ಚೀರಿದರು, ಗಂಡ ನನ್ನ ಹೆಸರು ಹಿಡಿದು ಕರೆದರು. ಒಳಗೆ ಹುಸ್ಸೆಂದಿತು, ರೆಕ್ಕೆ ಗೋಡೆಗೆ ಬಡಿಯಿತು, ಕೊಕ್ಕು ನನ್ನ ಬೆರಳಿನ ಗೆಣ್ಣಿಗೆ ಕಚ್ಚಿತು. ಹಕ್ಕಿ ಎಂದು ಗೊತ್ತಿದ್ದ ನನಗೂ ಮೈಯೆಲ್ಲ ಜುಮ್ಮೆಂದಿತು. ಬೆಚ್ಚನೆಯ ಉಣ್ಣೆಯಲ್ಲಿ ತಡಕಾಡಿ ಒಂದು ಮರಿಯನ್ನು ಮುಷ್ಟಿಯಲ್ಲಿ ಹಿಡಿದು ತೆಗೆದೆ. ಅತ್ತೆಯ ಮುಂದೆ ಮಂಡಿಯೂರಿ ಮುಷ್ಟಿ ಬಿಚ್ಚಿದೆ.

ಅರ್ಧ ಪುಕ್ಕದ ಮರಿ ನನ್ನ ಅಂಗೈಯಲ್ಲಿ ಎದ್ದು ನಿಲ್ಲಲು ನೋಡಿ, ಬಿದ್ದು, ಅತ್ತೆಯ ಮುಖಕ್ಕೇ ಹಳದಿ ಬಾಯಿ ತೆರೆಯಿತು. ನಾದಿನಿ ಕಣ್ಣು ಬಿಟ್ಟು ಅದನ್ನೇ ನೋಡುತ್ತಿದ್ದಳು.

"ನಿಮಗ ಯಾವಾಗ ಗೊತ್ತಾತ್ರಿ ವೈನಿ?" ಎಂದಳು, ದನಿಯೇ ಇಲ್ಲದ ದನಿಯಲ್ಲಿ.

"ಮದಲನೇ ದಿವಸನ," ಎಂದೆ.

ಅವಳು ಮುಖ ಆಚೆ ತಿರುಗಿಸಿದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅತ್ತೆ ಕೈಯಲ್ಲಿದ್ದ ನಾಗಪ್ಪನ ಹಾಲಿನ ಬಟ್ಟಲನ್ನು ಮಗಳ ತುಟಿಗೆ ಹಿಡಿದರು, ಕೊನೆಯ ಹನಿಯವರೆಗೆ ಕುಡಿಸಿದರು. ಅವಳ ಮುಖಕ್ಕೆ ಬಣ್ಣ ಬರುವವರೆಗೆ ಕಾದು, ಮಗನಿಗೆ ಗಾಡಿ ತೆಗೆ ಎಂದರು. ಆಮೇಲೆ ನನ್ನ ಅಂಗೈಯನ್ನು ನೋಡಿದರು.

"ಮರಿ ಒಳಗ ಇಡು. ತಣ್ಣಗಾದೀತು," ಎಂದರು.

ನಾನು ಮರಿಯನ್ನು ಒಳಗಿಡುವಷ್ಟರಲ್ಲಿ ಅವರು ಬಾವಿಯ ಕಟ್ಟೆಯಿಂದ ಒಂದು ಒಡೆದ ಹಂಚು, ಒಂದು ಮುದ್ದೆ ಕೆಸರು ಹಿಡಿದು ಖೋಲಿಯೊಳಗೆ ಹೋಗಿದ್ದರು. ಕಿಂಡಿಯ ಒಳಬಾಯಿಗೆ ಹಂಚು ಒತ್ತಿ, ಸುತ್ತ ಕೆಸರು ಮೆತ್ತಿ, ಅಂಗೈಯಿಂದ ಸವರಿ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ಒಂದು ಚಹಾ ಕಾಯಿಸುವಷ್ಟು ಹೊತ್ತೂ ಆಗಲಿಲ್ಲ. ಹೊಗೆ ಒಳಗೇ ಉಳಿಯಿತು, ಗೂಡಿನ ಹೊರಬಾಯಿ ತೆರೆದೇ ಉಳಿಯಿತು. ಅಷ್ಟೇ ಇತ್ತು ಆ ಕೆಲಸ. ಎರಡು ವಾರದಲ್ಲಿ ಅದು ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಸುಳ್ಳನ್ನು ಕಾಯುವುದರಲ್ಲಿಯೇ ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು.

ಅತ್ತೆ, ಗಂಡ ನಾದಿನಿಯನ್ನು ಅಥಣಿಯ ಆಸ್ಪತ್ರೆಗೆ ಕರೆದೊಯ್ದರು. ಗಂಧಕ ಹೊತ್ತಿಸಿದವಳು ನಾನು. ಬಾಗಿಲು ಮುಚ್ಚಿ, ಹೊರಗೆ ಕಿಂಡಿಯ ಕೆಳಗೆ ಕುಳಿತು ಮೂಗು ಚಾಚಿ ವಾಸನೆ ಹಿಡಿಯುತ್ತಿದ್ದೆ. ಮನಸ್ಸೆಲ್ಲ ಅಥಣಿಯ ರಸ್ತೆಯ ಮೇಲಿತ್ತು. ಹೊಗೆ ಬರಲಿಲ್ಲ. ಗಂಡು ಹಕ್ಕಿ ಹುಳು ಹಿಡಿದು ನನ್ನ ತಲೆಯ ಮೇಲಿಂದಲೇ ಒಳಗೆ ಹೋಯಿತು. ಮೂರು ಗಂಟೆಗೆ ಮಳೆ ಬಿತ್ತು. ನಾಲ್ಕಕ್ಕೆ ಫೋನು ಬಂತು. ಕೂಸಿನ ಎದೆಬಡಿತ ಚೆನ್ನಾಗಿದೆ, ತಾಯಿಗೆ ನಿತ್ರಾಣ, ಸಲೈನ್ ಬಾಟಲಿ ಹಚ್ಚಿದ್ದಾರೆ ಎಂದರು ಗಂಡ. ಫೋನಿಟ್ಟು ನಾನು ಆ ಮಳೆಯಲ್ಲಿಯೇ ಕುಳಿತು ಅತ್ತುಬಿಟ್ಟೆ.

ಮುಂದಿನ ವಾರ ಅತ್ತೆ ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಉಪ್ಪು ತಾ, ಎಮ್ಮೆ ಕಟ್ಟು. ನಾದಿನಿಯ ತಾಟನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಡಿಸುತ್ತಿದ್ದರು. ನಾದಿನಿ ಮೂರನೇ ದಿನಕ್ಕೆ ನನ್ನೊಡನೆ ನಕ್ಕಳು, ಅವಳ ಮನಸ್ಸು ದೊಡ್ಡದು. ಅವಳ ಮಗಳಿಗೆ ಈಗ ಮೂರು ತುಂಬುತ್ತ ಬಂದಿದೆ, ಊಟಕ್ಕೆ ಕುಳಿತರೆ ಏಳುವುದಿಲ್ಲ. ಅದನ್ನು ಉಣಿಸುವಾಗ ನಾನು ಬೇಕೆಂದೇ ಒಂದು ತುತ್ತು ಹೆಚ್ಚು ಹಾಕುತ್ತೇನೆ.

ಏಳನೇ ದಿನ ಬೆಳಿಗ್ಗೆ ಮರಿಗಳು ಹೊರಬಿದ್ದವು. ಒಂದೊಂದೇ ಕಿಂಡಿಯ ಬಾಯಿಗೆ ಬಂದು, ಕತ್ತು ಚಾಚಿ, ಹಾರುವುದೋ ಬೀಳುವುದೋ ತಿಳಿಯದೆ ಜಾಲಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ತಾಯಿ ತಂದೆ ಕೊಂಬೆಯಿಂದ ಕೊಂಬೆಗೆ ಕೂಗುತ್ತ ಅವನ್ನು ಕಾಡಿನ ಒಳಕ್ಕೆ ಸೆಳೆಯುತ್ತಿದ್ದವು. ನಾಲ್ಕು ಹೋಗಿದ್ದವು. ಪಕ್ಕದಲ್ಲಿ ಯಾರೋ ನಿಂತಂತಾಯಿತು, ನೋಡಿದರೆ ಅತ್ತೆ. ಐದನೆಯದು ಹೋಯಿತು. ಆರನೆಯದು ಬಹಳ ಹೊತ್ತು ಕಿಂಡಿಯಲ್ಲೇ ಕುಳಿತಿತ್ತು. ಅದೂ ಹೋಗುವವರೆಗೆ ಇಬ್ಬರೂ ನಿಂತಿದ್ದೆವು.

"ಹೋದ ವರ್ಸ ಶೆಡ್ಡಿನ್ಯಾಗ ಆ ಗುಬ್ಬಿಗೂಡ ಕೆಡವಿದ್ನಲ್ಲ," ಎಂದರು ಅತ್ತೆ, ಕಿಂಡಿಯನ್ನೇ ನೋಡುತ್ತ. "ಅದನ್ನ ಮನಸಿನ್ಯಾಗ ಇಟ್ಕೊಂಡ ನನಗ ಹೇಳಲಿಲ್ಲ, ಹೌದಿಲ್ಲ?"

"ಹೌದ್ರಿ," ಎಂದೆ.

"ಆ ಗೂಡ ಖಾಲಿ ಇತ್ತು. ಮರಿ ಹಾರಿ ಹ್ವಾದವೋ ಇಲ್ಲೋ ಅಂತ ಹಿಂದಿನ ದಿವಸನ ಏಣಿ ಹತ್ತಿ ಕೈ ಹಾಕಿ ನೋಡಿದ್ದೆ. ನೀ ಒಂದ ಮಾತ ಕೇಳಿದ್ರ ಹೇಳತಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ, ಆ ದಾರಿ ನನಗೆ ಗೊತ್ತಿತ್ತು. ಅತ್ತೆ ಕಿಂಡಿಯ ಬಾಯಿಂದ ಒಂದು ಎಳೆ ಉಣ್ಣೆ ತೆಗೆದು, ಬೆರಳಲ್ಲಿ ಹೊಸೆದು, ಮತ್ತೆ ಒಳಗಿಟ್ಟರು. ಆಮೇಲೆ ಬುಟ್ಟಿ ಎತ್ತಿಕೊಂಡು ಶೆಡ್ಡಿನ ಕಡೆ ನಡೆದರು. ನಾನು ಹಿಂದೆ ಹೋದೆ.